ಐವತ್ತನಾಲ್ಕು ಡಿಗ್ರಿಯಲ್ಲಿ ಹದಿನಾಲ್ಕು ದಿನ

ಕುವೆಂಪುನಗರ, ಮೈಸೂರು
೧೬ ಮೇ ೨೦೨೪

ಪ್ರೀತಿಯ ಮೇರಿ,

ಮಸ್ಕತ್ತಿನ ಬಿಸಿಲಿನಲ್ಲಿ ಹೇಗಿದ್ದೀಯ? ಮಂಡಿನೋವು ಇಳಿಯಿತೇ? ವಾರ್ಡಿನಲ್ಲಿ ಈಗಲಾದರೂ ನರ್ಸುಗಳನ್ನು ಕೂರಲು ಬಿಡುತ್ತಾರೋ, ಹನ್ನೆರಡು ಗಂಟೆಯೂ ನಿಂತೇ ಇರಬೇಕೋ? ನಾವಿಲ್ಲಿ ಕ್ಷೇಮ. ಮಗಳು ಪಿಯುಸಿಗೆ ಸೇರಿದಳು. ಜಡೆ ಹಾಕುತ್ತೇನೆಂದರೆ ತಲೆ ಕೊಡುವುದಿಲ್ಲ. "ನೀವು ಹಾಕಿದ್ರೆ ಸಭೆಗೆ ಎಳ್ಕೊಂಡ್ ಬಂದ ದ್ರೌಪದಿ ಥರ ಕಾಣ್ತೀನಿ, ಬುಡಿ ಅಪ್ಪಾ" ಎನ್ನುತ್ತಾಳೆ ಬೀನಾ!

ಫೋನಿದ್ದೂ ಕಾಗದವೇಕೆ ಎನ್ನುತ್ತೀಯ. ನಾಟಕದ ಕಂಪನಿಯಲ್ಲಿ ಅಪ್ಪನ ಹಾರ್ಮೋನಿಯಂ ಪಕ್ಕದಲ್ಲೇ ಬೆಳೆದ ಗಂಟಲು ಕಣೇ ಇದು, ಫೋನು ಕಿವಿಗಿಟ್ಟ ಕೂಡಲೇ ಕಿರೀಟ ಧರಿಸಿಬಿಡುತ್ತದೆ. ಇನ್ನೂ ಮೂರು ವರ್ಷದ ಕರಾರಿಗೆ ಸಹಿ ಹಾಕಲೇ ಎಂದು ಕಳೆದ ಭಾನುವಾರ ನೀನು ಕೇಳಿದಾಗ, "ಹಾಕು! ಈ ಆರೋಗ್ಯಸ್ವಾಮಿ ಬಂಡೆಯಂತಿದ್ದಾನೆ!" ಎಂದು ಗರ್ಜಿಸಿದೆನಲ್ಲ. ಆಮೇಲೆ ನೀನು, ಬೀನಾಳ ಜಡೆ ಈಗ ಯಾರು ಹಾಕುತ್ತಾರೆ ಎಂದಷ್ಟೇ ಕೇಳಿದೆ.

ಈಗ ನಮ್ಮ ಲ್ಯಾಬಿನ ಮಹಾಪ್ರಸಂಗ ಕೇಳು! ಬೇವಿನ ಬೀಜದಿಂದ ತೆಗೆದ ಹೊಸ ಕೀಟನಾಶಕ ಬಂದಿತ್ತು. ಗೋದಾಮಿನ ಬೇಸಿಗೆಯನ್ನು ಅದು ತಾಳುತ್ತದೋ ಇಲ್ಲವೋ ನೋಡಬೇಕು. ಪದ್ಧತಿ ನಿನಗೆ ಗೊತ್ತಲ್ಲ: ಒಂದು ಬಾಟಲಿ ಐವತ್ತನಾಲ್ಕು ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ, ಅದರ ಜೋಡಿ ಬಾಟಲಿ ಫ್ರಿಜ್ಜಿನಲ್ಲಿ, ಹದಿನಾಲ್ಕು ದಿನದ ವನವಾಸ! ನಿನ್ನೆ ಎರಡನ್ನೂ ಹೊರಗೆ ತೆಗೆದೆ. ಆಹಾ, ಅದೇ ಹೊಂಬಣ್ಣ, ಅದೇ ವಾಸನೆ, ತಳದಲ್ಲಿ ಒಂದು ಕಣ ಗಸಿಯಿಲ್ಲ. ಯಂತ್ರಕ್ಕೆ ಹಾಕುವ ಮೊದಲೇ ಬಾಟಲಿ ಎತ್ತಿ ಹಿಡಿದು "ಗೆದ್ದಿತು!" ಎಂದು ಘೋಷಿಸಿದೆ. ನಮ್ಮ ಹಿರಿಯ ಕೆಮಿಸ್ಟ್ ದೇವಿರಮ್ಮ ಕನ್ನಡಕ ಜಾರಿಸಿ, "ಬಣ್ಣ ನೋಡಿ ಪಾಸ್ ಮಾಡಕ್ಕೆ ಇದೇನು ರಾಜಾಪಾರ್ಟಾ ಸ್ವಾಮಿ? ಮೊದ್ಲು ಅಳೀರಿ" ಅಂದರು. ಅಳೆದೆ. ಫ್ರಿಜ್ಜಿನದರಲ್ಲಿ ಸತ್ವ ನೂರಾದರೆ ಶಾಖ ತಿಂದದ್ದರಲ್ಲಿ ಬರೀ ಎಪ್ಪತ್ತೆಂಟು. ಎರಡನೇ ಸಲವೂ ಅಷ್ಟೇ. ಎರಡು ಬಾಟಲಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಊಟದ ಬೆಲ್ಲು ಹೊಡೆಯುವ ತನಕ ನೋಡುತ್ತಾ ಕೂತಿದ್ದೆ ಮೇರಿ. ನನ್ನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಅಮ್ಮ ನಿನಗಾಗಿ ಜಪಮಾಲೆ ಎಣಿಸುತ್ತಿದ್ದಾರೆ. ಬೀನಾಳ ಮುತ್ತುಗಳು. ಆರೋಗ್ಯಮಾತೆಯ ಸೆರಗಿನ ನೆರಳು ನಿನ್ನ ಮೇಲಿರಲಿ.

ಇಂತು ನಿನ್ನವನೇ ಆದ
ಆರೋಗ್ಯಸ್ವಾಮಿ

ವಿ.ಸೂ.: ಈ ಕಾಗದ ತರುತ್ತಿರುವ ನಿನ್ನ ವಾರ್ಡಿನ ರೋಸ್‌ಮೇರಿ ಗೇಟಿನಲ್ಲಿ ಆಟೋ ನಿಲ್ಲಿಸಿಕೊಂಡು "ಫ್ಲೈಟ್ ತಪ್ಪೋಯ್ತದೆ ಕಣಣ್ಣಾ!" ಎಂದು ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನೀನು ಫೋನು ಮಾಡಿದ ಆ ಭಾನುವಾರವೇ ಸಂಜೆಯ ಪೂಜೆಯಲ್ಲಿ ಫಾದರ್ ನಿನ್ನ ಹೆಸರು ಹೇಳಿ, ಕರಾರು ಮುಂದುವರಿಯಲಿ ಎಂದು ಪ್ರಾರ್ಥಿಸಿದರು. ಅಮ್ಮನೇ ಚೀಟಿ ಕೊಟ್ಟಿದ್ದರಂತೆ. ಇಡೀ ಚರ್ಚು ಆಮೆನ್ ಎಂದಿತು. ನನ್ನ ಬಾಯಿಂದ ಮಾತ್ರ ಬರಲಿಲ್ಲ. ಬೀನಾ ತಿರುಗಿ ನೋಡಿದಳು. ಸಹಿ ಹಾಕಬೇಡ ಮೇರಿ. ಬಂದ್ಬುಡು.