ಅಜ್ಜ ಹೇಳಿದ್ದೇ ಎಲೆ

ಶಿಕಾರಿಪುರ
೧೫-೪-೧೯೫೮, ಮಂಗಳವಾರ

ಮನೆಯವರ ಪಾದಗಳಿಗೆ ಹಾಲಮ್ಮನ ಶರಣು.

ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಬಿಸಿಲಲ್ಲಿ ಸೈಕಲ್ ತುಳಿದು ಹಳ್ಳಿ ಸುತ್ತಿ ಬಂದ ಕೂಡಲೇ ತಣ್ಣೀರು ಕುಡಿಯಬೇಡಿ ಎಂದು ಎಷ್ಟು ಹೇಳಿದರೂ ನೀವು ಕೇಳುವವರಲ್ಲ. ಕಷಾಯಕ್ಕೆ ಮೆಣಸು, ಜೀರಿಗೆ ಎಲ್ಲ ಒಲೆಯ ಪಕ್ಕದ ಗೂಡಿನಲ್ಲಿದೆ. ಊಟಕ್ಕೆ ಖಾನಾವಳಿಯನ್ನೇ ನೆಚ್ಚಿಕೊಂಡಿದ್ದೀರೋ, ಪಕ್ಕದ ಮನೆ ರಾಧಮ್ಮ ಸಾರು ಕಳಿಸುತ್ತಾರೋ? ನಾನೂ ಕೂಸೂ ಕ್ಷೇಮ. ಕೂಸು ಈಗ ದೀಪದ ಕಡೆ ಕಣ್ಣು ತಿರುಗಿಸುತ್ತದೆ, ಅವ್ವನ ದನಿ ಕೇಳಿದರೆ ಅಳು ನಿಲ್ಲಿಸುತ್ತದೆ. ಮೂಗು ಥೇಟ್ ನಿಮ್ಮದೇ ಎಂದು ಬಂದವರೆಲ್ಲ ಹೇಳುತ್ತಾರೆ. ಹೆಣ್ಣುಮಗುವಿಗೆ ಅಷ್ಟು ದೊಡ್ಡ ಮೂಗು ಬೇಕಿತ್ತೇ ಎಂದು ನಾನು ಯಾರ ಮುಂದೆಯೂ ಅಂದಿಲ್ಲ.

ನಿಮ್ಮ ಕಾಗದ ಶನಿವಾರ ತಲುಪಿತು. ಮಗುವಿನ ವಿಷಯ ಎಲ್ಲಿದೆ ಎಂದು ಹುಡುಕುತ್ತ ಒಂದು ಸಲ ಓದಿದೆ, ಸಿಗಲಿಲ್ಲ, ಮತ್ತೆ ಓದಿದೆ. ಕೊನೆಯ ಸಾಲಿನಲ್ಲಿತ್ತು, ಕೂಸಿಗೆ ಆಶೀರ್ವಾದ ಎಂದು. ಉಳಿದದ್ದೆಲ್ಲ ಬರುವ ಭಾನುವಾರದ ಇಪ್ಪತ್ತೆಂಟರ ಇಸ್ಪೀಟು ಪಂದ್ಯ. ಮಿಲ್ಲಿನ ಅಂಗಳಕ್ಕೆ ಚಪ್ಪರ ಹಾಕುತ್ತಿದ್ದಾರೆ, ಕುಪ್ಪಗಡ್ಡೆಯಿಂದ ಚಂದ್ರಗುತ್ತಿಯವರೆಗಿನ ಇಸ್ಪೀಟು ಆಡುವವರೆಲ್ಲ ಬರುತ್ತಿದ್ದಾರೆ, ಅಮಲ್ದಾರರೇ ಬಂದು ಕೂತು ನೋಡಲು ಒಪ್ಪಿದ್ದಾರೆ, ಹೋದ ವರ್ಷ ಗೆದ್ದು ತಂದ ಹಿತ್ತಾಳೆ ಕೊಡ ಈ ವರ್ಷವೂ ನಮ್ಮ ಮನೆಯ ಹೊಸಿಲು ದಾಟದ ಹಾಗೆ ನೋಡಿಕೊಳ್ಳುತ್ತೀರಿ. ಅದಕ್ಕೇ ತೊಟ್ಟಿಲಿಗೆ ಹಾಕುವ ದಿನ ಬರಲಾಗಲಿಲ್ಲ, ಪಂದ್ಯ ಮುಗಿಸಿಕೊಂಡು ಬರುತ್ತೀರಿ. ಅಮಲ್ದಾರರ ಕಣ್ಣೆದುರು ಸೋತರೆ ಸೊರಬದಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ, ನಿಮ್ಮ ಮರ್ಯಾದೆ ಪೂರ್ತಿ ಆ ಭಾನುವಾರದ ಮೇಲೆ ನಿಂತಿದೆ ಎಂದೂ ಬರೆದಿದ್ದೀರಿ. ಅರ್ಥವಾಯಿತು. ಅಜ್ಜ ಹೇಗಿದ್ದಾರೆ ಎಂದು ಮಾತ್ರ ಎಲ್ಲೂ ಕೇಳಿಲ್ಲ. ಕೇಳದಿದ್ದರೂ ಬರೆಯುತ್ತೇನೆ, ಓದುವ ಕಷ್ಟ ನಿಮ್ಮದು.

ನಮ್ಮ ಮನೆಯ ಆಟದ ಬಗ್ಗೆ ನಿಮಗೆ ಬಸ್ಸಿನಲ್ಲೇ ಹೇಳಿದ್ದೆ, ನೆನಪಿದೆಯೇ? ದೀಪಾವಳಿಗೆ ಅಳಿಯನಾಗಿ ನೀವು ಮೊದಲ ಸಲ ಬರುತ್ತಿದ್ದಿರಿ. ಅಜ್ಜನ ಕಣ್ಣಿಗೆ ಪೊರೆ ಕವಿದು ವರ್ಷಗಳೇ ಆಗಿದ್ದವು, ಆದರೆ ಅದು ಎಷ್ಟು ಕವಿದಿದೆ ಎಂದು ಅಜ್ಜನನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು. ಅಜ್ಜಿ ಬದುಕಿದ್ದಾಗ ಒಂದು ಮಧ್ಯಾಹ್ನ ಆಡುವಾಗ ಅಜ್ಜ ರಾಜನ ಎಲೆಯನ್ನು ಬಡಿದು ಹಾಕಿ ಗುಲಾಮ ಎಂದು ಕೂಗಿದರಂತೆ. ಇಪ್ಪತ್ತೆಂಟರಲ್ಲಿ ಎಲ್ಲರನ್ನೂ ಹೊಡೆಯುವವನು ಗುಲಾಮ. ನಿಜವಾದ ಗುಲಾಮ ಇದ್ದದ್ದು ಅಜ್ಜಿಯ ಕೈಯಲ್ಲಿ. ಅಜ್ಜಿ ಸುತ್ತ ಕೂತವರ ಮುಖ ನೋಡಿ, ತನ್ನ ಗುಲಾಮನನ್ನು ಮೆಲ್ಲಗೆ ಕೆಳಗಿಟ್ಟು, ನಂದು ರಾಜ, ನೀವೇ ಗೆದ್ರಿ ಅಂದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಕಾನೂನು. ಅಜ್ಜ ಹೇಳಿದ್ದೇ ಎಲೆ. ಅಜ್ಜಿ ಹೋದ ಮೇಲೂ ಅದು ಹೋಗಲಿಲ್ಲ. ನಿಜವಾದ ಎಲೆ ಯಾರ ಕೈಯಲ್ಲಿದೆಯೋ ಅವರು ಅದನ್ನು ಬೇರೆ ಹೆಸರಿನಲ್ಲಿ ಹಾಕಬೇಕು, ಲೆಕ್ಕ ತಪ್ಪದ ಹಾಗೆ ಉಳಿದವರು ಹೊಂದಿಸಿಕೊಳ್ಳಬೇಕು. ನೀವು ಅದನ್ನು ಮಕ್ಕಳಾಟ ಎಂದು ನಕ್ಕಿರಿ. ಮಾಡಿ ನೋಡಿ, ನಿಮ್ಮ ಪಂದ್ಯಕ್ಕಿಂತ ಹೆಚ್ಚು ತಲೆ ಬೇಕು. ನಾನು ಇಸ್ಪೀಟು ಕಲಿತದ್ದೇ ಹಾಗೆ, ನನ್ನ ಕೈಯ ಎಲೆಗಿಂತ ಬೇರೆಯವರ ಕೈಯ ಎಲೆ ನೋಡಿ.

ಪಣಕ್ಕೆ ಇರುತ್ತಿದ್ದದ್ದು ಹುಣಸೆಬೀಜ. ಆದರೆ ಅಜ್ಜ ಗೆಲ್ಲುತ್ತಿದ್ದದ್ದು ಬೀಜವನ್ನಲ್ಲ. ಇಸ್ಪೀಟು ಆಡೋನಿಗೆ ಯಾರಾನ ಕುರ್ಡ ಅಂತಾರೇನು ಎಂದು ಎದ್ದು, ಒಬ್ಬರೇ ಬೀದಿ ದಾಟಿ ನಮ್ಮ ಅಂಗಡಿಗೆ ಹೋಗಿ, ಗದ್ದಿಗೆಯ ಮೇಲೆ ಕೂತು ಬೆಲ್ಲ ತೂಗುತ್ತಿದ್ದರು. ಆ ಆಟ ಇದ್ದದ್ದರಿಂದಲೇ ಆ ನಡಿಗೆ ಇತ್ತು. ಇದನ್ನೂ ಬಸ್ಸಿನಲ್ಲಿ ಹೇಳಿದ್ದೆ. ನೀವು ಕಿಟಕಿಯ ಕಡೆ ನೋಡುತ್ತ ಹೂಂ ಅಂದಿರಿ. ಕೇಳಿಸಲಿಲ್ಲ ಎನ್ನುವ ಹಾಗಿಲ್ಲ.

ಹಬ್ಬದ ಮಧ್ಯಾಹ್ನ ಹೋಳಿಗೆ ಉಂಡು ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಅಜ್ಜನೂ ನಾನೂ ಒಂದು ಜೊತೆ, ಮಹೇಶ್ವರಣ್ಣನೂ ನೀವೂ ಇನ್ನೊಂದು. ಅಣ್ಣ ಎಂದಿನಂತೆ ಸೋಲುತ್ತ, ಸೋತದ್ದಕ್ಕೆ ಅಜ್ಜನಿಂದ ಬೈಸಿಕೊಳ್ಳುತ್ತ ಖುಷಿಯಾಗಿದ್ದ. ನಿಮ್ಮ ಮುಂದಿನ ಹುಣಸೆಬೀಜ ಕರಗುತ್ತ ಬಂದಂತೆ ನಿಮ್ಮ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಆಗ ಅಜ್ಜ ಎಲೆ ಎತ್ತಿ ಬಡಿದು, ಆಟೀನ್ ಗುಲಾಮ ಎಂದರು. ಬಿದ್ದದ್ದು ಆಟೀನ್ ರಾಣಿ. ಗುಲಾಮ ನಿಮ್ಮ ಕೈಯಲ್ಲಿತ್ತು. ನಾನು ನಿಮ್ಮ ಕಡೆ ನೋಡಿದೆ, ಬಾಯಿ ಬಿಡದೆ ಬೇಡಿಕೊಂಡೆ. ನೀವು ಆ ಎಲೆಯನ್ನು ಹಾಕಿ ಸುಮ್ಮನಿದ್ದಿದ್ದರೂ ಅಣ್ಣ ಏನೋ ಒಂದು ಮಾಡಿ ಸಾಗಹಾಕುತ್ತಿದ್ದ. ನೀವು ಸುಮ್ಮನಿರಲಿಲ್ಲ. ಗುಲಾಮ ಇಲ್ಲಿದ್ದಾನೆ ಅಜ್ಜಾರೆ, ನೀವು ಹಾಕಿದ್ದು ರಾಣಿ, ಆಟ ಅಂದ್ರೆ ಆಟ ಅಂದಿರಿ. ಅಜ್ಜ ನಕ್ಕು, ತಮಾಷೆ ಮಾಡ್ಬ್ಯಾಡ್ರಿ ಅಂದರು. ಆಗ ನೀವು ಎರಡೂ ಎಲೆಗಳನ್ನು ಅವರ ಮೂಗಿನ ಹತ್ತಿರ ಹಿಡಿದಿರಿ. ನಿಮಗೆ ಕಾಣಲ್ಲ, ಇವರೆಲ್ಲ ಸೇರಿ ನಿಮಗೆ ಸುಳ್ಳು ಆಡ್ತಾ ಇದಾರೆ, ಇಷ್ಟು ದಿನ ಗೆದ್ದಿದ್ದೆಲ್ಲ ಇವರು ಕೊಟ್ಟಿದ್ದು ಅಂದಿರಿ. ಅಜ್ಜ ನನ್ನ ದಿಕ್ಕಿಗೆ ತಿರುಗಿ, ಹೌದೇನವ್ವಾ ಎಂದು ಕೇಳಿದರು. ನಾನು ಮುಂದಿದ್ದ ಹುಣಸೆಬೀಜ ಎಣಿಸತೊಡಗಿದೆ. ಅಣ್ಣ ತನ್ನ ಎಲೆಗಳನ್ನು ಮಗುಚಿ ಕೆಳಗಿಟ್ಟ. ಅಷ್ಟು ಸಾಕಾಯಿತು ಅವರಿಗೆ. ಎಲೆಗಳನ್ನು ಕೂಡಿಸಿ ಕೆಳಗಿಟ್ಟು ಎದ್ದರು, ಹುಟ್ಟಿದಂದಿನಿಂದ ದಾಟುತ್ತಿದ್ದ ಹೊಸಿಲಿನ ಮುಂದೆ ನಿಂತು ಕಾಲಿನಿಂದ ತಡಕಾಡಿದರು. ಅವ್ವ ಓಡಿಹೋಗಿ ಕೈ ಹಿಡಿದುಕೊಂಡಳು. ನೀವು ಹುಣಸೆಬೀಜ ಎಳೆದುಕೊಂಡಿರಿ.

ಸೊರಬಕ್ಕೆ ವಾಪಸ್ಸು ಹೋಗುವಾಗ ನಾನು ಅತ್ತದ್ದಕ್ಕೆ ನೀವು ಸಿಟ್ಟಾದಿರಿ. ನಿಜ ಹೇಳಿದ್ದು ತಪ್ಪಾ, ನನಗಾದರೆ ನಿಜ ಹೇಳೋರೇ ಬೇಕು, ಮೂದೇವಿಯ ಹಾಗೆ ಮೋಸಹೋಗಿ ಕೂರೋದಕ್ಕಿಂತ ಸೋಲೋದು ವಾಸಿ ಅಂದಿರಿ. ನಾನು ಕಣ್ಣೊರೆಸಿಕೊಂಡೆ. ಆ ಮಾತನ್ನು ಮಾತ್ರ ಸೆರಗಿಗೆ ಗಂಟುಹಾಕಿಕೊಂಡೆ.

ಅಜ್ಜ ಆಮೇಲೆ ಇಸ್ಪೀಟು ಮುಟ್ಟಿಲ್ಲ. ಅದು ಹೋಗಲಿ, ಬೀದಿ ದಾಟಿಲ್ಲ, ಅಂಗಡಿಗೆ ಹೋಗಿಲ್ಲ. ನಾನು ಅಂಗಡೀಲಿ ತೂಗಿದ್ದೂ ಹಿಂಗೇನಾ ಎಂದು ಅಪ್ಪನನ್ನು ಕೇಳಿದರಂತೆ. ಅಪ್ಪ ಏನು ಹೇಳಿಯಾರು, ಅಜ್ಜ ತೂಗಿದ ಬೆಲ್ಲವನ್ನು ಹಿಂದೆ ನಿಂತು ಮತ್ತೆ ತೂಗುತ್ತಿದ್ದವರು ಅಪ್ಪನೇ. ಈಗ ಅವರಿಗೆ ಯಾವುದರ ಮೇಲೂ ನಂಬಿಕೆಯಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಬೆರಳಿನಿಂದ ಮುಟ್ಟಿ, ಮೂಸಿ, ಆಮೇಲೆ ಉಣ್ಣುತ್ತಾರೆ. ನಿಮ್ಮ ಮೈ ಸುಧಾರಿಸಿದೆ ಅಜ್ಜ ಎಂದರೆ, ಹಂಗಂತ ಹೇಳ್ಬೇಕಂತ ಒಳಗೆ ಮಾತಾಡ್ಕೊಂಡ್ರಾ ಎಂದು ಕೇಳುತ್ತಾರೆ. ಕೂಸನ್ನು ಮೊದಲ ಸಲ ಅವರ ತೊಡೆಯ ಮೇಲೆ ಮಲಗಿಸಿದಾಗ ಏನು ಮಗು ಅಂದರು. ಹೆಣ್ಣು ಅಂದೆ. ಸ್ವಲ್ಪ ಹೊತ್ತು ತಲೆ ಸವರಿ, ಹೂಂ, ಇದು ನಿಜ, ಸುಳ್ಳು ಹೇಳೋದಾಗಿದ್ರೆ ಗಂಡು ಅಂತಿದ್ರಿ ಅಂದರು. ಇದನ್ನು ನೀವು ಓದುವಾಗ ಮುಂದಿನ ಸಾಲಿಗೆ ಹಾರಬಾರದು ಎಂದು ಬಿಡಿಸಿ ಬರೆಯುತ್ತಿದ್ದೇನೆ.

ಈಗ ನಿಮ್ಮ ಆಟದ ವಿಷಯ. ನಾನು ಮದುವೆಯಾಗಿ ಬಂದ ಹೊಸದರಲ್ಲೇ ನೀವು ಆ ಕೊಡ ಗೆದ್ದಿರಿ. ಹೊತ್ತು ತಂದು ದೇವರ ಮುಂದಿಟ್ಟಾಗ ನಾನು ಕುಂಕುಮ ಹಚ್ಚಿದೆ, ಗಂಡನ ಬುದ್ಧಿ ಕಂಡು ಹೆಮ್ಮೆಪಟ್ಟೆ. ಆಮೇಲೆ ಭಾನುವಾರ ಬಂತೆಂದರೆ ನಮ್ಮ ಜಗಲಿಯಲ್ಲೇ ನಿಮ್ಮ ಅಭ್ಯಾಸ. ನಾನು ಕಾಫಿ ತಂದು ಒಬ್ಬೊಬ್ಬರ ಹಿಂದೆ ನಿಲ್ಲುತ್ತಿದ್ದೆ. ನಾನು ಇಸ್ಪೀಟು ಕಲಿತದ್ದು ಹೇಗೆ ಎಂದು ಮೇಲೆ ಬರೆದಿದ್ದೇನಲ್ಲ. ಒಂದು ದಿನ ನೀವು ಕಳಾವರ್ ಎಕ್ಕ ಹಾಕಿ ಮೀಸೆಯ ಮೇಲೆ ಕೈಯಾಡಿಸಿದಿರಿ. ಎದುರು ಜೋಡಿಯ ಗುತ್ಯಪ್ಪನ ಕೈಯಲ್ಲಿ ಅದನ್ನು ಹೊಡೆಯುವ ಕಳಾವರ್ ಗುಲಾಮನೂ ಇದ್ದ, ಒಂಬತ್ತೂ ಇತ್ತು. ಗುತ್ಯಪ್ಪ ಏಳನ್ನು ಹಾಕಿದ. ಕೊನೆಗೆ ನೀವು ತುರುಫು ಹಾಕುವವರೆಗೆ ಕಾದಿದ್ದು, ಆ ಗುಲಾಮನನ್ನು ಅದರ ಕೆಳಗೆ ಹಾಕಿ ನಿಮಗೇ ಒಪ್ಪಿಸಿದ. ಎಲೆ ಲೆಕ್ಕ ಇಟ್ಕೊಂಡು ಆಡ್ಬೇಕು ಗುತ್ಯಪ್ಪ ಎಂದು ನೀವು ಪಾಠ ಹೇಳಿದಿರಿ. ನಿಮ್ಮಷ್ಟು ತಲೆ ನಮಗೆಲ್ಲೈತ್ರಿ ಶೇಕದಾರ್ರೇ ಎಂದು ಅವನು ತಲೆ ಕೆರೆದುಕೊಂಡ. ಮುಂದಿನ ಭಾನುವಾರ ಬೇರೆಯವರ ಹಿಂದೆ ನಿಂತೆ, ಅಲ್ಲೂ ಅದೇ. ಗುತ್ಯಪ್ಪನ ಹೆಂಡತಿ ಮಾಸ್ತಮ್ಮ ಬೆಣ್ಣೆ ಕೊಡಲು ಬಂದಾಗ ಕೇಳಿಯೇ ಬಿಟ್ಟೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಮ್ಮನೆಯೋರು ಐತಾರ ಸೋಲಕ್ಕೇ ಬರೋದು ಅಮ್ಮಾರೇ, ಜಮೀನಿನ ಖಾತೆ ಇನ್ನೂ ಆಗಿಲ್ವಲ್ಲ, ಹೋದ್ವರ್ಷ ಆ ಕೊಡ ಬಿಟ್ಕೊಟ್ಟು ಬಂದು ಒಂದಿನ ಉಂಡಿಲ್ಲ ಅಂದಳು.

ನೀವು ಯಾರ ಮನೆಯ ಬಾಳೆಗೊನೆಯನ್ನೂ ಮುಟ್ಟಿದವರಲ್ಲ, ಅದು ಊರಿಗೇ ಗೊತ್ತು. ಅದಕ್ಕೇ ನಿಮಗೆ ಕೊಡುವುದಕ್ಕೆ ಅವರಿಗೆ ಬೇರೇನೂ ಉಳಿಯಲಿಲ್ಲ, ಆಟ ಕೊಟ್ಟರು. ಶೇಕದಾರರು ಹೇಳಿದ್ದೇ ಎಲೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದ್ದು ಅಜ್ಜನ ಮೇಲಿನ ಪ್ರೀತಿಗೆ, ಅಲ್ಲಿ ಮಾಡುತ್ತಿರುವುದು ಖಾತೆಯ ಕಾಗದದ ಮೇಲಿನ ನಿಮ್ಮ ರುಜುವಿಗೆ, ಅಷ್ಟೇ ವ್ಯತ್ಯಾಸ. ಅಜ್ಜನಿಗಾದರೂ ಕಣ್ಣಿಲ್ಲ. ಇದನ್ನು ನಾನು ಈವರೆಗೆ ನಿಮಗೆ ಹೇಳಲಿಲ್ಲ. ಗೆದ್ದು ಬಂದ ರಾತ್ರಿ ನೀವು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಿರಿ, ಒಗ್ಗರಣೆ ಚೆನ್ನಾಗಿದೆ ಎನ್ನುತ್ತಿದ್ದಿರಿ, ಅದು ನನಗೆ ಬೇಕಿತ್ತು. ನಾನು ಆ ಮನೆಯಲ್ಲಿ ಬೆಳೆದವಳಲ್ಲವೇ, ಇಂಥದ್ದನ್ನು ಮುಚ್ಚಿಡುವುದು ಒಂದೇ ನನಗೆ ಬರುತ್ತಿದ್ದದ್ದು. ಬಹಿರಂಗ ಮಾಡುವುದನ್ನು ನೀವು ಕಲಿಸಿದಿರಿ. ಎಲೆಗಳನ್ನು ನಿಮ್ಮ ಮೂಗಿನ ಹತ್ತಿರ ಹಿಡಿದಿದ್ದೇನೆ, ನೋಡಿಕೊಳ್ಳಿ. ನಿಜ ಹೇಳಿದ್ದು ತಪ್ಪೇ?

ನಿನ್ನೆ ಸಂಜೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಅಜ್ಜ ತಡವರಿಸಿಕೊಂಡು ಬಂದು ಪಕ್ಕದಲ್ಲಿ ಕೂತರು. ನಿನ್ನ ಗಂಡ ಒಳ್ಳೇವ್ನಾ, ನಿಜ ಹೇಳು ಎಂದು ಕೇಳಿದರು. ಒಳ್ಳೆಯವರು ಅಜ್ಜ ಅಂದೆ. ದೀಪಾವಳಿಯ ನಂತರ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ, ನಿನ್ನೆ ನಕ್ಕರು. ಆಗ್ಲಿ ಬಿಡವ್ವ, ನೀ ಹೇಳಿದ್ದೇ ಎಲೆ ಅಂದರು. ನಾನು ಕೂಸಿನ ಮೇಲೆ ಬಗ್ಗಿಕೊಂಡು ಎಣ್ಣೆ ತಿಕ್ಕಿದೆ, ಅಳುತ್ತಿರುವುದು ಅವರಿಗೆ ಕಾಣುವುದಿಲ್ಲವಲ್ಲ.

ಅಪ್ಪ, ಅವ್ವ ನಿಮ್ಮನ್ನು ಕೇಳಿದ್ದಾರೆ. ಅಜ್ಜ ಆಶೀರ್ವಾದ ತಿಳಿಸಲು ಹೇಳಿಲ್ಲ, ನಾನಾಗಿ ಬರೆದರೆ ಅದು ನನ್ನದಾಗುತ್ತದೆ, ಆದ್ದರಿಂದ ಬರೆದಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣಿ. ಕೂಸು ನಿಮ್ಮ ಮೂಗು ಹೊತ್ತುಕೊಂಡು ನಿದ್ದೆ ಮಾಡುತ್ತಿದೆ.

ಇಂತಿ,
ನಿಮ್ಮ ಹಾಲಮ್ಮ

ಮಡಿಸುವ ಮುಂಚೆ ಒಂದು ಮಾತು: ಅಣ್ಣ ಶಿವಮೊಗ್ಗಕ್ಕೆ ಹೋದಾಗ ಯಾರೋ ಹೇಳಿದರಂತೆ, ನಿಮಗೆ ಚನ್ನಗಿರಿಗೆ ವರ್ಗವಾಗಿದೆ, ಹುಕುಂ ಪಂದ್ಯದ ಮರುದಿನ ಸೋಮವಾರ ನಿಮ್ಮ ಕೈಸೇರುತ್ತದೆ. ಮಾಸ್ತಮ್ಮ ಮೊನ್ನೆ ಭಾನುವಾರ ಕೂಸು ನೋಡಲು ಬಂದಿದ್ದಳು, ಪಾಪ, ಒಂದು ಕುಲಾವಿ ಹೊಲಿದು ತಂದಿದ್ದಳು. ಅವಳಿಗೆ ಈ ಸಂಗತಿ ಹೇಳಿದೆ, ಎಲ್ಲರಿಗೂ ಹೇಳು ಅಂದೆ. ಇಷ್ಟರಲ್ಲಿ ಕುಪ್ಪಗಡ್ಡೆಯಿಂದ ಚಂದ್ರಗುತ್ತಿಯವರೆಗೂ ಮುಟ್ಟಿರುತ್ತದೆ. ಇನ್ನು ನಿಮ್ಮ ರುಜು ಯಾರಿಗೂ ಬೇಡ. ಗುತ್ಯಪ್ಪ ಈ ಭಾನುವಾರ ಆಡುವುದಕ್ಕೇ ಬರುತ್ತಾನಂತೆ. ಅಮಲ್ದಾರರಿಗೆ ಮತ್ತೊಮ್ಮೆ ನೆನಪು ಮಾಡಿ, ಅವರು ತಪ್ಪಿಸಿಕೊಳ್ಳಬಾರದು. ಹುಣಸೆಹಣ್ಣು ಅಟ್ಟದ ಮೇಲಿನ ಮಡಕೆಯಲ್ಲಿದೆ, ಶನಿವಾರವೇ ಕೊಡ ಬೆಳಗಿಡಿ.