ನೀನಾ ಎಂದರೆ ಬೊಂಬೆ

ಪರ್ಪಿನ್ಯಾ, ಫ್ರಾನ್ಸ್, ಫೆಬ್ರವರಿ 1939

ಸಂಪಾದಕರಿಗೆ,

‘ಮಗಳನ್ನು ಗಡಿಯಲ್ಲಿ ಎಸೆದ ಕೆಂಪು ತಾಯಿ’ ಎಂದು ನೀವು ಬರೆದ ನೂರಿಯಾ ಯಾರನ್ನೂ ಎಸೆದಿಲ್ಲ. ಸ್ಪೇನಿನ ಯುದ್ಧದಿಂದ ಓಡಿಬಂದ ಅವಳನ್ನು ನಿಮ್ಮ ವರದಿಗಾರರು ಮಾತಾಡಿಸುವಾಗ ನಾನು ಅಲ್ಲೇ ಬ್ರೆಡ್ಡು ಹಂಚುತ್ತಿದ್ದೆ. “ನೀನಾನ ಬಿಸಾಕು ಅಂದ್ರು ಪೊಲೀಸ್ರು, ಬಿಸಾಕ್ದೆ ಕಣಪ್ಪಾ,” ಎಂದಳು. ಗಡಿಯ ಈಚೆ ನಾವಾಡುವ ಕತಲಾನ್ ಭಾಷೆಯಲ್ಲಿ ನೀನಾ ಎಂದರೆ ಹುಡುಗಿ. ಗಡಿಯಾಚೆ ಅವರಾಡುವ ಕತಲಾನಿನಲ್ಲಿ ಬೊಂಬೆ. ಮಗಳು ಅವಳ ಲಂಗ ಹಿಡಿದು ಬೊಂಬೆಗಾಗಿ ಅಳುತ್ತಿದ್ದಳು.

ಮೊನ್ನೆ ನಿಮ್ಮ ಕಚೇರಿಗೆ ಬಂದು ಇದನ್ನೇ ಹೇಳಿದಾಗ, “ಶಾಲೆ ಬಿಟ್ಟೋಳು ನಮಗೆ ಭಾಷೆ ಕಲಿಸೋಕೆ ಬಂದ್ಲು ನೋಡ್ರೋ,” ಎಂದು ನಕ್ಕಿರಿ. ಶಾಲೆ ಬಿಟ್ಟದ್ದು ನಿಜ. “ಬೊಂಬೆ ಅಂತ ಹಾಕಿದ್ರೆ ಪತ್ರಿಕೆ ಯಾರು ಕೊಳ್ತಾರಮ್ಮಾ?” ಎಂದೂ ಕೇಳಿದಿರಿ.

ನಿಮ್ಮ ಸುದ್ದಿ ಓದಿದ ಅಧಿಕಾರಿಗಳು, ಉಳಿದವಳನ್ನೂ ಎಸೆದಾಳೆಂದು, ಇದ್ದೊಬ್ಬ ಮಗಳನ್ನು ಕಿತ್ತು ಅನಾಥಾಲಯಕ್ಕೆ ಸೇರಿಸಿದ್ದಾರೆ. ತಾಯಿ ಅರ್ಜಲೆಸ್ ಕಡಲತೀರದ ನಿರಾಶ್ರಿತರ ಶಿಬಿರದಲ್ಲಿ, ತಂತಿಬೇಲಿಯೊಳಗಿದ್ದಾಳೆ. ತಪ್ಪಾಯಿತೆಂದು ನೀವು ಅಚ್ಚುಮಾಡುವವರೆಗೆ ಮಗುವನ್ನು ಕೊಡುವುದಿಲ್ಲವಂತೆ.

ನಾಳೆಯೇ ಎರಡು ಸಾಲು ಹಾಕಿ. ಬೇಕಾದರೆ ನನ್ನನ್ನು ಬೈದೇ ಹಾಕಿ. ಮೆರ್ಸೆ ಎಂಬ ಆ ಹುಡುಗಿಗೆ ಅನಾಥಾಲಯದ ಸನ್ಯಾಸಿನಿಯರು ಸಿಮೋನ್ ಎಂದು ಹೆಸರಿಟ್ಟಿದ್ದಾರೆ. ಹಳೆಯ ಹೆಸರಿಗೆ ಓಗೊಟ್ಟರೆ ಊಟವಿಲ್ಲ. ನಿನ್ನೆ ನಾನು ಅಲ್ಲಿಗೆ ಹೋಗಿ “ಮೆರ್ಸೆ” ಎಂದು ಕರೆದೆ. ಅವಳು ಮೊದಲು ಸನ್ಯಾಸಿನಿಯರ ಮುಖ ನೋಡಿ, ಆಮೇಲೆ ನನಗೆ, “ನಾನಲ್ಲ,” ಎಂದಳು.

ಇತಿ,
ಅಂತೊನಿಯಾ ಬಾಡಿಯಾ
ಬ್ರೆಡ್ಡಿನಂಗಡಿ