ಆ ಕಾಗದಕ್ಕೆ ಸಹಿ ಹಾಕಬೇಡ

ರೋಹಿಣಿ,

ಬಂದ ಕೂಡಲೇ ಇದನ್ನು ಓದು. ನೀನು ಅಂಗಡಿಗೆ ಹೋದಾಗ ನಮ್ಮ ವಕೀಲೆ, ಆ ಸಾಲಿಸಿಟರ್, ಫೋನ್ ಮಾಡಿದ್ದಳು. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿರುವ ನಿಮ್ಮ ಮನೆಯ ಮೇಲೆ ನಿನ್ನ ಹಕ್ಕು ದಾಖಲಾಯಿತಂತೆ ಕಣೇ! ಮನೆ, ಅದರ ಮಾರ್ಟ್‌ಗೇಜ್ ಸಾಲ ಎರಡೂ ನಿನ್ನ ಗಂಡನ ಹೆಸರಿನಲ್ಲೇ ಇದ್ದರೂ ಇನ್ನು ನಿನಗೆ ತಿಳಿಯದಂತೆ ಅವನು ಮಾರಲಾರ. ಖುಷಿಗೆ ನನ್ನ ಅಕ್ಷರ ಸೊಟ್ಟಗಾಗುತ್ತಿದೆ.

‘ನನಗೇನೂ ಬೇಡ’ ಅಂತ ನಿನ್ನ ಹೆಸರಿನಲ್ಲಿ ಅವನೇ ಬರೆದು ನಿನ್ನ ಸಹಿಗೆ ಕಳಿಸಿದ ಕಾಗದ ಫ್ರಿಜ್ ಮೇಲಿದೆ. ಅವನು ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಒಂಬತ್ತು ವರ್ಷ ಕಣ್ಣು ಮುಚ್ಚಿ ಸಹಿ ಹಾಕಿದ್ದು ಸಾಕು. ಅದನ್ನು ಹಾಗೇ ತೆಗೆದುಕೊಂಡು ಬಾ, ಸಾಲಿಸಿಟರ್ ಇವತ್ತೇ ನೋಡಬೇಕಂತೆ. ಮದುವೆ ಸರ್ಟಿಫಿಕೇಟ್, ನಿನ್ನ ಸಂಬಳದ ಪೇಸ್ಲಿಪ್ಪುಗಳೂ ಬೇಕು. ಅವನ ಫೋನ್ ಬಂದರೆ ಎತ್ತಬೇಡ. ದನಿ ಕೇಳಿದರೆ ನೀನು ಕರಗಿಬಿಡುತ್ತೀಯ.

ಮೈಸೂರಿಗೆ ಫೋನ್ ಮಾಡಿ ನಿಮ್ಮಮ್ಮನಿಗೂ ಹೇಳಿದೆ.

‘ಹೆಸರೇ ಇಲ್ಲದ ಮನೇಲಿ ಎಂಥಾ ಹಕ್ಕೇ?’ ಅಂದಳು.

‘ಒಂಬತ್ತು ವರ್ಷ ಸಂಸಾರ ತೂಗಿಸಿದಾಳಲ್ಲಕ್ಕ, ಇಲ್ಲಿನ ಕಾನೂನಿನಲ್ಲಿ ಅದಕ್ಕೂ ಬೆಲೆ ಇದೆ’ ಅಂದೆ.

ಅತ್ತಳು. ಆಮೇಲೆ ‘ಒಳ್ಳೇ ಸೀರೆ ಉಟ್ಕೊಂಡು ಹೋಗೋಕೆ ಹೇಳು’ ಅಂದಳು! ಈ ಚಳಿಗೆ ಸೀರೆ ಬೇಡ, ದಪ್ಪ ಕೋಟು ಹಾಕಿಕೋ.

ಎರಡು ಗಂಟೆಯ ಟ್ರೈನು ಹಿಡಿ. ನಾನು ಕ್ಯಾಂಟೀನ್ ಶಿಫ್ಟ್ ಮುಗಿಸಿ ಪಿಕಡಿಲಿ ಸ್ಟೇಷನ್ನಿನಲ್ಲಿ ಕಾದಿರುತ್ತೇನೆ. ಸಾಲಿಸಿಟರ್ ಆಫೀಸಿನೊಳಗೆ ನಿನ್ನ ಪಕ್ಕದಲ್ಲೇ ಕೂರುತ್ತೇನೆ. ಮಾತು ಮಾತ್ರ ನೀನೇ ಆಡಬೇಕು.

ಕೌಸಲ್ಯಾ ಚಿಕ್ಕಮ್ಮ